ದಣಿ ಕೊಟ್ಟ ಮೂರು ದಿನ

ಡಿಸೆಂಬರ್ ಬಂತೆಂದರೆ ನಮ್ಮ ಪೇಟೆಯ ಅಂಗಡಿಗಳಲ್ಲಿ ಹತ್ತಿ ಮರ ಏರುತ್ತದೆ. ಪ್ಲಾಸ್ಟಿಕ್ಕಿನ ಹಸಿರು ಗಿಡ, ಅದರ ಕೊಂಬೆ ಕೊಂಬೆಗೆ ಬಿಳಿ ಹತ್ತಿ. ಅದು ಹಿಮವಂತೆ. ಬಾಗಿಲಲ್ಲಿ ಕೆಂಪು ಉಣ್ಣೆಯಂಗಿ ತೊಟ್ಟು, ಬಿಳಿ ಗಡ್ಡ ಅಂಟಿಸಿಕೊಂಡ ಮುದುಕನೊಬ್ಬ ನಿಂತಿರುತ್ತಾನೆ. ಹತ್ತಿರ ಹೋಗಿ ನೋಡಿದರೆ ಅವನು ಮುದುಕನಲ್ಲ. ದಿನಗೂಲಿಗೆ ಬಂದ ಯಾವುದೋ ಕೇರಿಯ ಹುಡುಗ. ಉಣ್ಣೆಯೊಳಗೆ ಬೆವರು ಸುರಿಸುತ್ತ ನಗಬೇಕು, ಅದೇ ಅವನ ಕೆಲಸ.

ಶಾಲೆಯಲ್ಲಿದ್ದಾಗ ನಾವು ಕ್ರಿಸ್‌ಮಸ್ ಅಂದರೆ ಚಳಿ ದೇಶದ ಹಬ್ಬ, ಬಿಳಿಯರ ಹಬ್ಬ ಅಂತಲೇ ತಿಳಿದಿದ್ದೆವು. ಪುಸ್ತಕದ ಚಿತ್ರದಲ್ಲಿ ಹಿಮ, ಗ್ರೀಟಿಂಗ್ ಕಾರ್ಡಿನಲ್ಲಿ ಹಿಮ. ಏಸು ಹುಟ್ಟಿದ ಬೆತ್ಲೆಹೇಮಿನಲ್ಲೇ ಹಿಮ ಬೀಳೋದು ಅಪರೂಪ ಅಂತ ನಮಗೆ ಯಾರೂ ಹೇಳಲಿಲ್ಲ. ಬಿಸಿಲ ನಾಡಿನಲ್ಲಿ ಈ ಹಬ್ಬ ಮಾಡುವ ಕೋಟ್ಯಂತರ ಜನ ಇದ್ದಾರೆ, ಅವರಲ್ಲಿ ಬಹಳ ಮಂದಿ ದುಡಿದು ತಿನ್ನುವ ಕಪ್ಪು ಜನ ಅಂತಲೂ ಹೇಳಲಿಲ್ಲ. ಹಬ್ಬಗಳ ಕಥೆಯನ್ನು ಯಾವಾಗಲೂ ಉಣ್ಣುವವರು ಹೇಳುತ್ತಾರೆ. ಅಡುಗೆ ಮಾಡಿದವರು, ಬೆಳೆ ಬೆಳೆದವರು ಹೇಳುವ ಕಥೆ ಬೇರೆಯೇ ಇರುತ್ತದೆ. ಅಂಥ ಒಂದು ಕಥೆಯನ್ನು ಇಲ್ಲಿ ಹೇಳಬೇಕೆಂದಿದ್ದೇವೆ.

ಜಾಗ ಜಮೈಕಾ. ವೆಸ್ಟ್ ಇಂಡೀಸ್ ಕ್ರಿಕೆಟ್ ನೋಡುವವರಿಗೆ, ಬಾಬ್ ಮಾರ್ಲಿಯ ಹಾಡು ಕೇಳಿದವರಿಗೆ ಹೆಸರು ಗೊತ್ತು. ಶಾಲೆಯ ನಕಾಶೆ ಬಿಚ್ಚಿ ನೋಡಿ. ಈ ದ್ವೀಪದ ರಾಜಧಾನಿ ಕಿಂಗ್‌ಸ್ಟನ್ ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 18 ಡಿಗ್ರಿಯಲ್ಲಿದೆ. ನಮ್ಮ ಬೀದರ್ ಕೂಡ ಹೆಚ್ಚುಕಡಿಮೆ ಅದೇ ಗೆರೆಯ ಮೇಲಿದೆ. ನಡುವೆ ಎರಡು ಮಹಾಸಾಗರ, ಆದರೆ ನೆತ್ತಿಯ ಮೇಲಿನ ಸೂರ್ಯ ಒಂದೇ.

*

ಜಮೈಕಾದ ಹಳ್ಳಿಗಳಲ್ಲಿ ಹಬ್ಬ ಶುರುವಾಗೋದು ಸುಣ್ಣದಿಂದ. ಡಿಸೆಂಬರಿನಲ್ಲಿ ಮಳೆ ಹಿಂದೆ ಸರಿದು ತಂಪು ಗಾಳಿ ಬೀಸುತ್ತದೆ. ಅದನ್ನು ಅಲ್ಲಿಯವರು 'ಕ್ರಿಸ್‌ಮಸ್ ಗಾಳಿ' ಅನ್ನುತ್ತಾರೆ. ಗಾಳಿ ತಿರುಗಿತು ಅಂದರೆ ಮನೆಯ ಪರದೆಗಳು ಒಗೆಯಲಿಕ್ಕೆ ಇಳಿಯುತ್ತವೆ. ಗೋಡೆಗೆ ಸುಣ್ಣ, ಅಂಗಳದ ಮರದ ಬುಡಕ್ಕೆ ಸುಣ್ಣ, ದಾರಿ ಪಕ್ಕದ ಕಲ್ಲಿಗೂ ಸುಣ್ಣ. ನೆಲಕ್ಕೆ ಕೆಂಪು ಬಣ್ಣ ಹಾಕಿ ತೆಂಗಿನ ಸಿಪ್ಪೆಯಿಂದ ತಿಕ್ಕಿ ತಿಕ್ಕಿ ಹೊಳಪು ತರುವುದು ಹಳೆಯ ಪದ್ಧತಿ. ಮಂಡಿಯೂರಿ ತಿಕ್ಕುವವರು ಹೆಂಗಸರು, ಹೆಣ್ಣುಮಕ್ಕಳು. ಇದನ್ನು ಓದುವಾಗ ನಮಗೆ ನಮ್ಮವ್ವ ದಸರೆಗೆ ಮನೆ ಸಾರಿಸೋದೇ ಕಣ್ಣಿಗೆ ಬಂತು.

24ರ ರಾತ್ರಿ 'ಗ್ರ್ಯಾಂಡ್ ಮಾರ್ಕೆಟ್'. ಊರ ಮಾರುಕಟ್ಟೆ ಬೆಳಗಿನ ತನಕ ತೆರೆದಿರುತ್ತದೆ. ಹೊಸ ಬಟ್ಟೆ ಹಾಕಿಕೊಂಡು ಮನೆಮಂದಿಯೆಲ್ಲ ಹೊರಡುತ್ತಾರೆ. ಮಕ್ಕಳಿಗೆ ಪೀಪಿ, ಬಲೂನು, ಸುರುಸುರುಬತ್ತಿ. ನಸುಕಿನಲ್ಲಿ ಎದ್ದು ಚರ್ಚು. ಬಂದ ಮೇಲೆ ಆ್ಯಕೀ ಹಣ್ಣಿನ ಪಲ್ಯ, ಉಪ್ಪು ಮೀನು.

ಮಧ್ಯಾಹ್ನದ ತಾಟು ನೋಡಿದರೆ ಕಲಬುರಗಿ, ಬೀದರ್ ಕಡೆಯವರಿಗೆ ಬೆರಗಾಗಬೇಕು. ಉಳಿದ ದಿನಗಳಲ್ಲಿ ಅವರು ತೆಂಗಿನ ಹಾಲಿನ ಅನ್ನಕ್ಕೆ ರಾಜ್ಮಾ ಕಾಳು ಹಾಕುತ್ತಾರೆ. ಕ್ರಿಸ್‌ಮಸ್ಸಿಗೆ ಮಾತ್ರ 'ಗುಂಗೋ' ಕಾಳೇ ಆಗಬೇಕು. ಗುಂಗೋ ಅಂದರೆ ಬೇರೇನೂ ಅಲ್ಲ, ನಮ್ಮ ತೊಗರಿ! ನಮ್ಮ ಹೊಲದಲ್ಲಿ ಹಸಿ ತೊಗರಿಕಾಯಿ ಬಲಿಯುವ ಹೊತ್ತಿಗೇ ಅಲ್ಲಿಯೂ ಬಲಿಯುತ್ತದೆ. ಕುಡಿಯಲಿಕ್ಕೆ 'ಸಾರೆಲ್'. ಅದು ನಮ್ಮ ಪುಂಡಿಪಲ್ಯದ ಕುಲದ ಗಿಡ. ನಾವು ಸೊಪ್ಪು ತಿಂದು ಸುಮ್ಮನಾಗುತ್ತೇವೆ. ಅವರು ಹೂವು ಉದುರಿದ ಮೇಲೆ ಕಾಯಿಯನ್ನು ಸುತ್ತಿಕೊಂಡು ಉಳಿಯುವ ಕೆಂಪು ಎಸಳುಗಳನ್ನು ಬಿಡಿಸಿ, ಕುದಿವ ನೀರು ಹೊಯ್ದು, ಶುಂಠಿ ಜಜ್ಜಿ ಹಾಕಿ, ರಾತ್ರಿಯೆಲ್ಲ ನೆನೆಸಿ, ಸೋಸಿ, ಸಕ್ಕರೆ ಬೆರೆಸುತ್ತಾರೆ. ದೊಡ್ಡವರ ಲೋಟಕ್ಕೆ ಒಂದಿಷ್ಟು ರಮ್ಮು. ರಕ್ತದಂಥ ಕೆಂಪು ಪಾನಕ. ಊಟದ ಕೊನೆಗೆ ಒಣಹಣ್ಣುಗಳನ್ನು ತಿಂಗಳುಗಟ್ಟಲೆ ರಮ್ಮಿನಲ್ಲಿ ನೆನೆಹಾಕಿ ಮಾಡಿದ ಕರಿ ಕೇಕು. ಜೊತೆಗೆ ಆಡಿನ ಮಾಂಸದ ಕರಿ.

ಹಬ್ಬ ಅಂದರೆ ಇಷ್ಟೇ ಅಲ್ಲವೆ, ಚೆಂದ ಇದೆ, ಅಂತ ಇಲ್ಲಿಗೇ ನಿಲ್ಲಿಸಬಹುದು. ಆದರೆ ನಾವು ಕೇಳಬೇಕಾದ ಪ್ರಶ್ನೆ ಬೇರೆ. ಈ ತಾಟಿಗೆ ತೊಗರಿ ಹೇಗೆ ಬಂತು? ಉಪ್ಪು ಮೀನು ಯಾರು ಕೊಟ್ಟರು? ರಮ್ಮು ಎಲ್ಲಿಯದು? ಒಂದೊಂದು ತುತ್ತಿನ ಹಿಂದೆ ಹೋದರೂ ಕಬ್ಬಿನ ಗದ್ದೆಗೇ ಹೋಗಿ ನಿಲ್ಲುತ್ತೇವೆ.

*

ಕೊಲಂಬಸ್ 1494ರಲ್ಲಿ ಈ ದ್ವೀಪಕ್ಕೆ ಬಂದ. ಅಲ್ಲಿದ್ದ ತೈನೊ ಜನರನ್ನು ಸ್ಪೇನಿನವರ ದಬ್ಬಾಳಿಕೆ ಮತ್ತು ಅವರು ತಂದ ರೋಗಗಳು ಬಹುಮಟ್ಟಿಗೆ ನುಂಗಿಹಾಕಿದವು. 1655ರಲ್ಲಿ ಇಂಗ್ಲಿಷರು ದ್ವೀಪವನ್ನು ಕಿತ್ತುಕೊಂಡರು. ಕಬ್ಬು ಹಾಕಿದರು. ಕಬ್ಬಿಗೆ ಆಳು ಬೇಕಲ್ಲ? ಆಫ್ರಿಕಾದಿಂದ ಲಕ್ಷಗಟ್ಟಲೆ ಜನರನ್ನು ಹಡಗಿನ ತಳದಲ್ಲಿ ಸೌದೆಯಂತೆ ಪೇರಿಸಿ ತಂದರು. ಆ ಹಡಗುಗಳ ಜೊತೆಯಲ್ಲೇ ಆಫ್ರಿಕಾದ ಕಾಳು, ಬೀಜ, ಗಡ್ಡೆಗಳೂ ಬಂದವು. ಸಾರೆಲ್ ಹಾಗೆ ಬಂದದ್ದು. ತೊಗರಿಯ ತವರು ನಮ್ಮ ಭಾರತ. ಅದು ಮೊದಲು ಆಫ್ರಿಕಾಕ್ಕೆ ಹೋಗಿ, ಅಲ್ಲಿಂದ ಗುಲಾಮರ ಜೊತೆ ಸಮುದ್ರ ದಾಟಿತು.

ಕಬ್ಬಿನ ರಸ ಕಾಯಿಸಿ ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದ ರಮ್ಮು. ಉಪ್ಪು ಮೀನು ಉತ್ತರ ಅಮೆರಿಕದ ತಣ್ಣನೆಯ ಕಡಲಿನದು. ಒಳ್ಳೆಯ ಮೀನು ಯುರೋಪಿಗೆ ಹೋಗುತ್ತಿತ್ತು. ಕೀಳು ದರ್ಜೆಯದು ಗುಲಾಮರ ಪಾಲಿಗೆ. ದಣಿಗಳು ಆಳುಗಳಿಗೆ ಪೂರ್ತಿ ಊಟ ಹಾಕುತ್ತಿರಲಿಲ್ಲ. ಕಬ್ಬು ಬೆಳೆಯದ ಗುಡ್ಡದ ತುಂಡು ನೆಲ ತೋರಿಸಿ, ನಿಮ್ಮ ಹೊಟ್ಟೆ ನೀವೇ ನೋಡಿಕೊಳ್ಳಿ ಅನ್ನುತ್ತಿದ್ದರು. ವಾರವೆಲ್ಲ ದಣಿಯ ಗದ್ದೆಯಲ್ಲಿ ಚಾವಟಿಯ ಕೆಳಗೆ ದುಡಿದವರು ಸಿಕ್ಕಿದ ಹೊತ್ತಿನಲ್ಲಿ ಆ ಗುಡ್ಡ ಹತ್ತಿ ಗೆಣಸು, ಬಾಳೆ, ತೊಗರಿ ಬೆಳೆದರು. ಉಳಿದದ್ದನ್ನು ತಲೆಯ ಮೇಲೆ ಹೊತ್ತು ಭಾನುವಾರದ ಸಂತೆಗೆ ನಡೆದರು. ಕಾಸು ಕೂಡಿಟ್ಟು ಅರಿವೆ ಕೊಂಡರು. ಇವತ್ತಿನ ಗ್ರ್ಯಾಂಡ್ ಮಾರ್ಕೆಟ್ಟಿನ ಬೇರು ಆ ಸಂತೆಯಲ್ಲಿದೆ.

ಇನ್ನು ಸಂಸಾರ. ಗುಲಾಮನಿಗೆ ಸಂಸಾರ ಎಲ್ಲಿಯದು? ಗಂಡ ಒಂದು ತೋಟದ ಸೊತ್ತು, ಹೆಂಡತಿ ಇನ್ನೊಂದು ತೋಟದ ಸೊತ್ತು. ಹುಟ್ಟಿದ ಮಗು ತಾಯಿಯ ದಣಿಗೆ ಸೇರಿದ್ದು. ಕರು ಹುಟ್ಟಿದರೆ ಹಸುವಿನ ಒಡೆಯನಿಗೆ ಸೇರುತ್ತದಲ್ಲ, ಅದೇ ನ್ಯಾಯ. ದಣಿ ಸಾಲ ಮಾಡಿಕೊಂಡರೆ ಸಾಲ ತೀರಿಸಲಿಕ್ಕೆ ಮಗನನ್ನೋ ಮಗಳನ್ನೋ ಮಾರಿಬಿಡುತ್ತಿದ್ದ.

ಇಂಥ ಬದುಕಿನಲ್ಲಿ ವರ್ಷಕ್ಕೊಮ್ಮೆ ಮೂರು ದಿನ ಬಿಡುವು ಸಿಗುತ್ತಿತ್ತು. ಅದೇ ಕ್ರಿಸ್‌ಮಸ್. ಕಬ್ಬು ಕಡಿಯುವ ಕಾಲ ಜನವರಿಯ ಹೊತ್ತಿಗೆ ಶುರುವಾಗುತ್ತದೆ. ಒಮ್ಮೆ ಗಾಣ ತಿರುಗತೊಡಗಿದರೆ ತಿಂಗಳುಗಟ್ಟಲೆ ಹಗಲು ರಾತ್ರಿ ನಿಲ್ಲೋದಿಲ್ಲ. ಅದಕ್ಕೆ ಮೊದಲು ಮೂರು ದಿನ ದನಕ್ಕೂ ಆಳಿಗೂ ದಣಿವಾರಿಸಿಕೊಳ್ಳಲು ಬಿಟ್ಟರೆ ದಣಿಗೇ ಲಾಭ. ಜೊತೆಗೆ ತಲೆಗಿಷ್ಟು ಉಪ್ಪು ಮೀನು, ಮಾಂಸ, ರಮ್ಮು, ಒರಟು ಬಟ್ಟೆ. ಆ ಮೂರು ದಿನ ಗಂಡ ಹೆಂಡತಿಯ ತೋಟಕ್ಕೆ ನಡೆದು ಹೋಗಬಹುದು. ಅವ್ವ ಮಾರಿಹೋದ ಮಗಳನ್ನು ಕಾಣಬಹುದು. ಬಿಸಿಲ ನಾಡಿನ ಈ 'ಕುಟುಂಬದ ಹಬ್ಬ'ದ ಮೊದಲ ಅರ್ಥ ಇದು ಗೆಳೆಯರೆ: ವರ್ಷಕ್ಕೆ ಮೂರು ದಿನ ಕುಟುಂಬ ಇರೋದು.

*

ಆ ಮೂರು ದಿನವೂ ಕರಿಯರು ಕುಣಿಯುತ್ತಿದ್ದರು. ಆ ಕುಣಿತದ ಹೆಸರು ಜಾನ್‌ಕನೂ. ಅದನ್ನು ಬರೆದಿಟ್ಟವನು ಎಡ್ವರ್ಡ್ ಲಾಂಗ್, 1774ರಲ್ಲಿ ಜಮೈಕಾದ ಚರಿತ್ರೆ ಬರೆದವನು. ಸ್ವತಃ ಗುಲಾಮರ ಒಡೆಯ. ಕರಿಯರು ಬಿಳಿಯರ ಜೊತೆಗಿನ ಒಂದೇ ಮನುಷ್ಯಕುಲ ಅನ್ನೋದನ್ನೇ ಒಪ್ಪದವನು. ನಮ್ಮ ಚರಿತ್ರೆಯ ಕಷ್ಟವೇ ಇದು. ಕುಣಿದವರಿಗೆ ಅಕ್ಷರ ಕೊಡಲಿಲ್ಲ, ಆದ್ದರಿಂದ ಕುಣಿತಕ್ಕೆ ಅವರ ವೈರಿಯೇ ಸಾಕ್ಷಿ ಹೇಳಬೇಕು. ಅವನು ಹೇಳುವ ಪ್ರಕಾರ, ಎತ್ತರದ ಗಟ್ಟಿಮುಟ್ಟಾದ ಆಳು, ತಲೆಗೆ ಎತ್ತಿನ ಕೊಂಬು, ಮುಖವಾಡಕ್ಕೆ ಹಂದಿಯ ಕೋರೆಹಲ್ಲು, ಕೈಯಲ್ಲಿ ಮರದ ಕತ್ತಿ. ಹಿಂದೆ ಜನರ ಹಿಂಡು. ಪಶ್ಚಿಮ ಆಫ್ರಿಕಾದ ಕರಾವಳಿಯಲ್ಲಿ 1720ರ ಸುಮಾರಿಗೆ ಪ್ರಬಲನಾಗಿದ್ದ ಜಾನ್ ಕೊನಿ ಎಂಬ ನಾಯಕನ ನೆನಪು ಈ ಹೆಸರಿನಲ್ಲಿದೆ ಅಂತ ಲಾಂಗ್ ಊಹಿಸಿದ.

ನಮ್ಮ ಕಡೆಯ ಹಗಲುವೇಷದವರನ್ನು ನೆನಪಿಸಿಕೊಳ್ಳಿ. ಜಾನ್‌ಕನೂ ಮೇಳದಲ್ಲೂ ಹಾಗೇ ಪಾತ್ರಗಳು. ಕುದುರೆತಲೆ, ಹಸುತಲೆ, ರಾಜ, ರಾಣಿ, ದೆವ್ವ, ಚಿಂದಿ ಚಿಂದಿ ಬಟ್ಟೆಯ 'ಪಿಚಿ ಪ್ಯಾಚಿ'. ಕೆಲವರ ತಲೆಯ ಮೇಲೆ ದಣಿಯ ಬಂಗಲೆಯಂಥದೇ ಕಾಗದದ ಮನೆ. ಕೆಲವರು ದಣಿಯಂತೆ ಕೋಟು ಹಾಕಿ, ದಣಿಯಂತೆ ನಡೆದು, ದಣಿಯ ಅಂಗಳದಲ್ಲೇ ದಣಿಯನ್ನು ಅಣಕಿಸಿ, ಅವನ ಕೈಯಿಂದಲೇ ಕಾಸು ಇಸಿದುಕೊಂಡು ಹೋಗುತ್ತಿದ್ದರು. ದಣಿ ನಕ್ಕ. ನಕ್ಕದ್ದು ಯಾರನ್ನು ನೋಡಿ ಅಂತ ಅವನಿಗೆ ಗೊತ್ತಾಗಲಿಲ್ಲ. ಹೆಂಗಸರದೂ ಮೇಳ ಇತ್ತು. ಕೆಂಪು ತಂಡ, ನೀಲಿ ತಂಡ ಅಂತ ಒಂದೇ ಬಣ್ಣದ ಬಟ್ಟೆ ತೊಟ್ಟು ಬೀದಿಯಲ್ಲಿ ಮೆರೆದರು. ಗುಲಾಮಗಿರಿ ಮುಗಿಯುವ ಹೊತ್ತಿಗೆ, 1837-38ರಲ್ಲಿ, ಜಮೈಕಾದಲ್ಲೇ ಹುಟ್ಟಿದ ಚಿತ್ರಕಾರ ಐಸಾಕ್ ಮೆಂಡೆಸ್ ಬೆಲಿಸಾರಿಯೊ ಈ ವೇಷಗಳನ್ನು ಚಿತ್ರ ಬರೆದು ಅಚ್ಚು ಹಾಕಿಸಿದ. ಇವತ್ತಿಗೂ ಆ ಚಿತ್ರಗಳೇ ಆಧಾರ.

*

ಇಲ್ಲಿ ಒಂದು ಗಟ್ಟಿ ಪ್ರಶ್ನೆ ಏಳುತ್ತದೆ. ಇಂಥ ಹಬ್ಬ ಗುಲಾಮನಿಗೆ ಬಿಡುಗಡೆಯೋ, ಬೇಡಿಯೋ?

ಅಮೆರಿಕದಲ್ಲಿ ಗುಲಾಮನಾಗಿ ಹುಟ್ಟಿ, ತಪ್ಪಿಸಿಕೊಂಡು, ದೊಡ್ಡ ಹೋರಾಟಗಾರನಾದ ಫ್ರೆಡರಿಕ್ ಡಗ್ಲಸ್ 1845ರಲ್ಲಿ ತನ್ನ ಆತ್ಮಕಥೆ ಬರೆದ. ಕ್ರಿಸ್‌ಮಸ್ಸಿನ ಬಿಡುವನ್ನು ಅವನು ದಣಿಗಳ ದಯೆ ಅಂತ ಒಪ್ಪಲಿಲ್ಲ. ದಂಗೆಯ ಮನಸ್ಸನ್ನು ಅಡಗಿಸಲಿಕ್ಕೆ ಅವರ ಕೈಯಲ್ಲಿರುವ ಅತಿ ಬಲವಾದ ಸಾಧನಗಳಲ್ಲಿ ಇದೂ ಒಂದು ಅಂದ. ಕುಡಿಸಿ, ಕುಣಿಸಿ, ಕೊನೆಗೆ ಸ್ವಾತಂತ್ರ್ಯ ಅಂದರೆ ಹೀಗೆ ಅಮಲೇರಿ ಬೀಳೋದೇ ಅಂತ ಅನಿಸುವಂತೆ ಮಾಡುತ್ತಾರೆ ಅನ್ನೋದು ಅವನ ವಾದ.

ನಮಗೆ ಈ ಮಾತು ಪುಸ್ತಕದಿಂದ ತಿಳಿಯಬೇಕಾಗಿರಲಿಲ್ಲ. ನಮ್ಮ ಮುತ್ಯಾ ಊರ ಗೌಡರ ಮನೆಯಲ್ಲಿ ಜೀತಕ್ಕಿದ್ದ. ಯುಗಾದಿಯಿಂದ ಯುಗಾದಿಗೆ ಲೆಕ್ಕ. ಹಬ್ಬದ ದಿನ ಅವನಿಗೆ ಒಂದು ಧೋತರ, ಒಂದು ಕಂಬಳಿ, ದನದ ಕೊಟ್ಟಿಗೆಯ ಬಾಗಿಲಲ್ಲಿ ಎರಡು ಹೋಳಿಗೆ. ಆ ದಿನ ಮುತ್ಯಾ ಕೇರಿಯಲ್ಲಿ ಕೂತು, "ನಮ್ಮ ಗೌಡ ದೇವರಂಥವ ನೋಡ್ರಿ" ಅಂತ ಹೇಳುತ್ತಿದ್ದನಂತೆ. ಮರುದಿನ ಹೊಸ ಲೆಕ್ಕ ಬರೆಯುವಾಗ ಧೋತರದ ರೊಕ್ಕ, ಕಂಬಳಿಯ ರೊಕ್ಕ ಎರಡೂ ಸಾಲಕ್ಕೆ ಸೇರಿರುತ್ತಿದ್ದವು. ಲೆಕ್ಕ ಓದಲು ಮುತ್ಯಾನಿಗೆ ಅಕ್ಷರ ಇರಲಿಲ್ಲ. ಅವ್ವ ಈ ಕಥೆ ಹೇಳುವಾಗ ನಗುತ್ತಾಳೆ. ನಮಗೆ ನಗು ಬರೋದಿಲ್ಲ. 1976ರ ಕಾಯ್ದೆ ಜೀತವನ್ನು ರದ್ದು ಮಾಡಿತು. ಆದರೆ ಹಬ್ಬದ ದಿನ ದಣಿಯನ್ನು ದೇವರಂಥವ ಅನ್ನುವ ನಾಲಿಗೆಯನ್ನು ಯಾವ ಕಾಯ್ದೆ ತಾನೆ ತಿದ್ದೀತು?

ಹಾಗಾದರೆ ಡಗ್ಲಸ್ ಹೇಳಿದ್ದೇ ಪೂರ್ತಿ ಸತ್ಯವೆ? ಹಬ್ಬ ಬರೀ ಅಮಲೇ? ಜಮೈಕಾದ ದಣಿಗಳನ್ನೇ ಕೇಳಿ. ಅವರಿಗೆ ಕ್ರಿಸ್‌ಮಸ್ ಅಂದರೆ ಎದೆ ನಡುಕ. ಸುಮ್ಮನೆ ಅಲ್ಲ, ಹಬ್ಬ ಬಂತೆಂದರೆ ಸೇನಾದಳದ ಕಾವಲು ಹಾಕುತ್ತಿದ್ದರು. ಯಾಕಂದರೆ ಬೇರೆ ಬೇರೆ ತೋಟದ ಆಳುಗಳು ಒಂದು ಕಡೆ ಸೇರಿ ಮಾತಾಡುವ ದಿನಗಳೂ ಅವೇ. ಕುಣಿತದ ನಡುವೆ ಯಾರು ಯಾರ ಕಿವಿಯಲ್ಲಿ ಏನು ಹೇಳಿದರು ಅಂತ ದಣಿಗೆ ಕೇಳಿಸದು. ದಣಿಗಳ ಭಯ 1831ರಲ್ಲಿ ನಿಜವಾಯಿತು.

*

ಆ ಹೊತ್ತಿಗೆ ಜಮೈಕಾದಲ್ಲಿ 3 ಲಕ್ಷಕ್ಕೂ ಹೆಚ್ಚು ಗುಲಾಮರಿದ್ದರು. ಅವರ ನಡುವೆ ಹೊಸದೊಂದು ಕೆಲಸ ನಡೆದಿತ್ತು. ಅಮೆರಿಕದಿಂದ ಬಂದ ಬಿಡುಗಡೆಯಾದ ಗುಲಾಮ ಜಾರ್ಜ್ ಲೀಲ್ 1780ರ ದಶಕದಲ್ಲಿ ಕಿಂಗ್‌ಸ್ಟನ್ನಿನಲ್ಲಿ ಬ್ಯಾಪ್ಟಿಸ್ಟ್ ಸಭೆ ಕಟ್ಟಿದ. ಬ್ರಿಟನ್ನಿನ ಬ್ಯಾಪ್ಟಿಸ್ಟ್ ಪಾದ್ರಿಗಳು ಬರತೊಡಗಿದ್ದು ಅದಾದ ಎಷ್ಟೋ ವರ್ಷಕ್ಕೆ, 1814ರಲ್ಲಿ. ಅಂದರೆ ಕರಿಯರ ಕೇರಿಗೆ ಬೈಬಲ್ಲನ್ನು ಮೊದಲು ಒಯ್ದವರಲ್ಲಿ ಒಬ್ಬ ಕರಿಯನೇ. ದಣಿಯ ಚರ್ಚಿನಲ್ಲಿ, "ಆಳುಗಳೇ, ಒಡೆಯನಿಗೆ ವಿಧೇಯರಾಗಿರಿ" ಅಂತ ಓದುತ್ತಿದ್ದರು. ಕೇರಿಯ ಸಭೆಯಲ್ಲಿ ಅದೇ ಪುಸ್ತಕದಿಂದ, ಯಾರೂ ಇಬ್ಬರು ಒಡೆಯರಿಗೆ ಸೇವೆ ಮಾಡಲಾರರು ಅನ್ನುವ ಮಾತನ್ನು ಆರಿಸಿಕೊಂಡರು. ಒಂದೇ ಗ್ರಂಥ, ಓದುವ ಕಣ್ಣು ಬೇರೆ.

ಮಾಂಟೆಗೊ ಬೇ ಪಟ್ಟಣದಲ್ಲಿ ಸ್ಯಾಮ್ಯುಯೆಲ್ ಶಾರ್ಪ್ ಅಂತ ಒಬ್ಬ ಗುಲಾಮ. ಬ್ಯಾಪ್ಟಿಸ್ಟ್ ಸಭೆಯ ಮುಖಂಡ. ಅವನಿಗೆ ಓದು ಬರುತ್ತಿತ್ತು. ಇಡೀ ಕಥೆಯಲ್ಲಿ ಇದಕ್ಕಿಂತ ದೊಡ್ಡ ಸಂಗತಿ ಇಲ್ಲ. ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲಿ ಗುಲಾಮಗಿರಿಯ ವಿರುದ್ಧ ನಡೆದಿದ್ದ ವಾದಗಳನ್ನು ಅವನು ಪತ್ರಿಕೆಗಳಲ್ಲಿ ಓದಿದ. ಓದಿದ್ದನ್ನು ಓದಲು ಬಾರದವರಿಗೆ ಹೇಳಿದ. ಹಳ್ಳಿಯ ಮೇಷ್ಟ್ರುಗಳೇ, ಪತ್ರಿಕೆ ಓದಿ ಹೇಳೋದು ಸಣ್ಣ ಕೆಲಸ ಅಂತ ಎಂದೂ ತಿಳಿಯಬೇಡಿ. ರಾಜ ನಮಗೆ ಬಿಡುಗಡೆಯ ಕಾಗದ ಕೊಟ್ಟಾಗಿದೆ, ದಣಿಗಳು ಅದನ್ನು ಮುಚ್ಚಿಟ್ಟಿದ್ದಾರೆ ಅನ್ನುವ ಸುದ್ದಿ ತೋಟದಿಂದ ತೋಟಕ್ಕೆ ಹಬ್ಬಿತು.

ಶಾರ್ಪನ ಯೋಜನೆ ಸರಳ. ಹಬ್ಬದ ಬಿಡುವು ಮುಗಿದ ಮೇಲೆ ಯಾರೂ ಕೆಲಸಕ್ಕೆ ಹೋಗಬಾರದು. ಕೂಲಿ ಕೊಟ್ಟರೆ ಮಾತ್ರ ಗದ್ದೆಗೆ ಇಳಿಯೋದು. ಅಂದರೆ ಮುಷ್ಕರ. ಕಬ್ಬಿನ ಊರಿನವರಿಗೆ ಇದರ ಬಿಸಿ ಗೊತ್ತಾದೀತು. ಬಲಿತ ಕಬ್ಬು ಗದ್ದೆಯಲ್ಲಿ ಕಾಯೋದಿಲ್ಲ. ಕಡಿದ ಕಬ್ಬಂತೂ ಒಂದೆರಡು ದಿನದಲ್ಲಿ ಗಾಣಕ್ಕೆ ಬೀಳದಿದ್ದರೆ ಹುಳಿಯಾಗುತ್ತದೆ. ವರ್ಷದ ಲಾಭವೆಲ್ಲ ಆ ಕೆಲವು ವಾರಗಳ ಮೇಲೆ ನಿಂತಿದೆ. ದಣಿವಾರಿಸಿಕೊಳ್ಳಿ ಅಂತ ದಣಿ ಕೊಟ್ಟ ದಿನಗಳನ್ನೇ ದಣಿಯ ಕುತ್ತಿಗೆ ಹಿಡಿಯುವ ದಿನಗಳಾಗಿ ಮಾಡಿದ ಜಾಣತನ ಇದು. ಪ್ರಾರ್ಥನೆ ಮುಗಿದ ಮೇಲೆ ನಂಬಿಕಸ್ತರು ಉಳಿಯುತ್ತಿದ್ದರು. ಬೈಬಲ್ ಮುಟ್ಟಿ ಆಣೆ ಮಾಡುತ್ತಿದ್ದರು.

ಹಬ್ಬಕ್ಕೆ ಹತ್ತು ದಿನ ಮೊದಲು ಮಾಂಟೆಗೊ ಬೇ ಹತ್ತಿರದ ಸಾಲ್ಟ್ ಸ್ಪ್ರಿಂಗ್ ತೋಟದಲ್ಲಿ ಒಂದು ಘಟನೆ ನಡೆಯಿತು. ಕಬ್ಬು ಮುರಿದುಕೊಂಡು ಹೋಗುತ್ತಿದ್ದ ಹೆಂಗಸೊಬ್ಬಳನ್ನು ತೋಟದ ಆಡಳಿತ ನೋಡುವ ಬಿಳಿಯ ಹಿಡಿದ. ಚಾವಟಿಯಿಂದ ಹೊಡೆಯಿರಿ ಅಂತ ಆಳುಗಳ ಮೇಸ್ತ್ರಿಗೆ ಹೇಳಿದ. ಮೇಸ್ತ್ರಿಯೂ ಗುಲಾಮನೇ. ಆ ಹೆಂಗಸು ಅವನ ಹೆಂಡತಿ. ಅವನು ಚಾವಟಿ ಎತ್ತಲಿಲ್ಲ. ಇನ್ನೊಬ್ಬ ಮೇಸ್ತ್ರಿಗೆ ಹೇಳಿದರೆ ಅವನೂ ಒಲ್ಲೆ ಅಂದ. ಚರಿತ್ರೆಯ ಪುಸ್ತಕಗಳು ಇದನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತವೆ. ನಾವು ಇಲ್ಲಿ ನಿಲ್ಲಬೇಕು. ದಣಿಯ ಚಾವಟಿ ದಣಿಯ ಕೈಯಲ್ಲಿ ಇರೋದಿಲ್ಲ. ನಮ್ಮವನ ಕೈಯಲ್ಲೇ ಕೊಟ್ಟಿರುತ್ತಾನೆ. ಆ ಕೈ ಒಂದು ದಿನ, ಇವಳು ನನ್ನ ಹೆಂಡತಿ ಅಂತ ಕೆಳಗಿಳಿದರೆ ಅಲ್ಲಿಂದ ದಂಗೆ ಶುರು.

ಆ ವರ್ಷ ಡಿಸೆಂಬರ್ 25 ಭಾನುವಾರ ಬಿತ್ತು. ಭಾನುವಾರ ಹೆಂಗೂ ತಮ್ಮ ದಿನ, ಅದನ್ನು ಹಬ್ಬದ ಲೆಕ್ಕಕ್ಕೆ ಹಿಡಿಯಬಾರದು, ಬದಲಿಗೆ ಇನ್ನೊಂದು ದಿನ ಕೊಡಬೇಕು ಅಂತ ಆಳುಗಳ ವಾದ. ಹಲವು ದಣಿಗಳು ಒಪ್ಪಲಿಲ್ಲ. ಒಂದು ದಿನದ ಜಿಪುಣತನ! 27ರಂದು ವಿಲಿಯಂ ನಿಬ್ ಎಂಬ ಇಂಗ್ಲಿಷ್ ಬ್ಯಾಪ್ಟಿಸ್ಟ್ ಪಾದ್ರಿ ಸಾಲ್ಟರ್ಸ್ ಹಿಲ್ ಎಂಬಲ್ಲಿ ಹೊಸ ಪ್ರಾರ್ಥನಾಮಂದಿರದ ಆರಂಭಕ್ಕೆ ಬಂದಿದ್ದ. ಬಿಡುಗಡೆಯ ಸುದ್ದಿ ಸುಳ್ಳು, ಕೆಲಸಕ್ಕೆ ಹೋಗಿ ಅಂತ ಜನರನ್ನು ಬೇಡಿಕೊಂಡ. ಜನ ಸಿಟ್ಟಾದರು. ನಿಬ್ ಒಳ್ಳೆಯವನೇ, ಮುಂದೆ ಅವರ ಪರ ದೊಡ್ಡದಾಗಿ ಹೋರಾಡಿದವನೇ. ಆದರೆ ನಿಧಾನ ಮಾಡಿ ಅಂತ ಹೇಳುವ ಒಳ್ಳೆಯವರಿಗೂ, ಇನ್ನು ತಡೆಯಲಾರೆವು ಅನ್ನುವವರಿಗೂ ನಡುವೆ ಒಂದು ಕಂದಕ ಇರುತ್ತದೆ.

ಅದೇ ರಾತ್ರಿ ಸೇಂಟ್ ಜೇಮ್ಸ್ ಸೀಮೆಯ ಗುಡ್ಡದ ಮೇಲಿನ ಕೆನ್ಸಿಂಗ್ಟನ್ ತೋಟಕ್ಕೆ ಬೆಂಕಿ ಬಿತ್ತು. ಅದು ಸನ್ನೆ. ಒಂದಾದ ಮೇಲೊಂದು ತೋಟ ಉರಿಯಿತು. ಶಾಂತವಾಗಿ ಕೂತುಬಿಡಬೇಕೆಂಬ ಮುಷ್ಕರ ಬೆಂಕಿಯಾಯಿತು. ಇದರಲ್ಲಿ ಸೇರಿದವರು 60 ಸಾವಿರದವರೆಗೆ ಇದ್ದರು ಅಂತ ಅಂದಾಜು. ಸೈನ್ಯ ಬಂತು. ಎರಡು ವಾರದಲ್ಲಿ ದಂಗೆ ಬಹುಮಟ್ಟಿಗೆ ಮುರಿಯಿತು. ಸತ್ತ ಬಿಳಿಯರು 14. ದಂಗೆಯ ವೇಳೆ ಕೊಲ್ಲಲ್ಪಟ್ಟ ಗುಲಾಮರು ಸುಮಾರು 200. ಆಮೇಲೆ ವಿಚಾರಣೆ ಎಂಬ ಹೆಸರಿನಲ್ಲಿ ಕೊಂದದ್ದು 300ಕ್ಕೂ ಹೆಚ್ಚು ಮಂದಿಯನ್ನು. ಅಂಕಿಗಳನ್ನು ಎರಡು ಸಲ ಓದಿ. ದಣಿಗಳು ಅಲ್ಲಿಗೂ ಬಿಡಲಿಲ್ಲ. ಕರಿಯರು ಪ್ರಾರ್ಥನೆ ಮಾಡುತ್ತಿದ್ದ ಬ್ಯಾಪ್ಟಿಸ್ಟ್, ಮೆಥಡಿಸ್ಟ್ ಮಂದಿರಗಳನ್ನು ಕೆಡವಿಹಾಕಿದರು. ಕೆಡವಿದವರೂ ಕ್ರೈಸ್ತರೇ. 1832ರ ಮೇ 23ರಂದು ಮಾಂಟೆಗೊ ಬೇ ಸಂತೆ ಬಯಲಿನಲ್ಲಿ ಸ್ಯಾಮ್ ಶಾರ್ಪನನ್ನು ಗಲ್ಲಿಗೇರಿಸಿದರು. ಗುಲಾಮನಾಗಿ ಬದುಕುವುದಕ್ಕಿಂತ ಆ ಗಲ್ಲುಮರದ ಮೇಲೆ ಸಾಯುವುದೇ ಲೇಸು ಅಂತ ಅವನು ಹೇಳಿದ್ದನ್ನು ಸೆರೆಮನೆಯಲ್ಲಿ ಅವನನ್ನು ಕಂಡ ಮೆಥಡಿಸ್ಟ್ ಪಾದ್ರಿ ಹೆನ್ರಿ ಬ್ಲೆಬಿ ದಾಖಲಿಸಿದ್ದಾನೆ.

*

ಶಾರ್ಪ್ ಸೋತನೆ? ನಿಬ್ ಇಂಗ್ಲೆಂಡಿಗೆ ಹೋಗಿ ಊರೂರಿನಲ್ಲಿ ಮಾತಾಡಿದ, ಪಾರ್ಲಿಮೆಂಟಿನ ಸಮಿತಿಯ ಮುಂದೆ ಸಾಕ್ಷಿ ಹೇಳಿದ. ಇನ್ನು ಗುಲಾಮಗಿರಿ ಉಳಿಸಿಕೊಂಡರೆ ದ್ವೀಪವೇ ಕೈಬಿಟ್ಟುಹೋದೀತು ಅಂತ ಲಂಡನ್ನಿಗೆ ಅರ್ಥವಾಗಿತ್ತು. ಶಾರ್ಪ್ ಸತ್ತು ಹದಿನೈದು ತಿಂಗಳಲ್ಲಿ, 1833ರ ಆಗಸ್ಟಿನಲ್ಲಿ, ಗುಲಾಮಗಿರಿ ರದ್ದತಿಯ ಕಾಯ್ದೆ ಬಂತು. ಪುಸ್ತಕಗಳಲ್ಲಿ ಕೀರ್ತಿಯೆಲ್ಲ ಲಂಡನ್ನಿನ ದೊಡ್ಡ ಮನುಷ್ಯರಿಗೆ. ಆದರೆ ಆ ಕಾಯ್ದೆಗೆ ಕೆನ್ಸಿಂಗ್ಟನ್ ತೋಟದ ಬೆಂಕಿಯ ಬೆಳಕೂ ಬಿದ್ದಿದೆ.

ಪರಿಹಾರ ಕೊಟ್ಟರು, ಯಾರಿಗೆ ಗೊತ್ತೆ? ಗುಲಾಮರಿಗಲ್ಲ, ದಣಿಗಳಿಗೆ. 2 ಕೋಟಿ ಪೌಂಡು. ಅದಕ್ಕೆಂದು ಬ್ರಿಟಿಷ್ ಸರ್ಕಾರ ಎತ್ತಿದ ಸಾಲ ಪೂರ್ತಿ ತೀರಿದ್ದು 2015ರಲ್ಲಿ. ಅಂದರೆ ದುಡಿಯಲು ಬ್ರಿಟನ್ನಿಗೆ ಹೋದ ಜಮೈಕಾದವರ ತೆರಿಗೆಯೂ ಹಳೆಯ ದಣಿಗಳ ಪರಿಹಾರದ ಸಾಲಕ್ಕೆ ಸಂದಿತು! 1834ರಿಂದ 'ಕಲಿಕೆಯ ಕಾಲ' ಅಂತ ಹೆಸರಿಟ್ಟು ಇನ್ನೂ ನಾಲ್ಕು ವರ್ಷ ಬಿಟ್ಟಿ ದುಡಿಸಿದರು. 1838ರ ಆಗಸ್ಟ್ 1ಕ್ಕೆ ನಿಜವಾದ ಬಿಡುಗಡೆ. ಹಿಂದಿನ ರಾತ್ರಿ ಫಾಲ್ಮತ್ ಊರಿನಲ್ಲಿ ನಿಬ್‌ನ ಸಭೆಯ ಜನ ಒಂದು ಶವಪೆಟ್ಟಿಗೆಯಲ್ಲಿ ಸರಪಳಿ, ಚಾವಟಿ, ಕೊರಳಿನ ಕಬ್ಬಿಣದ ಪಟ್ಟಿ ಇಟ್ಟು ಹೂಳಿದರು.

ಬಿಡುಗಡೆಯಾದವರು ಕಬ್ಬಿನ ತೋಟದ ಹಟ್ಟಿಗಳನ್ನು ಬಿಟ್ಟು ಗುಡ್ಡ ಹತ್ತಿದರು. ಬ್ಯಾಪ್ಟಿಸ್ಟ್ ಸಭೆಗಳ ನೆರವಿನಿಂದ ತುಂಡು ನೆಲ ಕೊಂಡು 'ಸ್ವತಂತ್ರ ಹಳ್ಳಿ'ಗಳನ್ನು ಕಟ್ಟಿದರು. 1835ರಲ್ಲಿ ನೆಲ ಕೊಂಡು ಶುರುವಾದ ಸ್ಲೈಗೊವಿಲ್ ಅದರಲ್ಲಿ ಮೊದಲನೆಯದು. ಗಂಡ, ಹೆಂಡತಿ, ಮಕ್ಕಳು ಒಂದೇ ಸೂರಿನಡಿ ತಮ್ಮದೇ ಮನೆಯಲ್ಲಿ ಕ್ರಿಸ್‌ಮಸ್ ಮಾಡಿದ್ದು ಆಗ. ಮನೆಗೆ, ಮರಕ್ಕೆ, ಕಲ್ಲಿಗೆ ಸುಣ್ಣ ಬಳಿಯೋದು ಯಾಕೆ ಅಷ್ಟು ಮುಖ್ಯ ಅಂತ ಈಗ ತಿಳಿಯುತ್ತದೆ. ಬಳಿಯಲಿಕ್ಕೆ ಸ್ವಂತ ಗೋಡೆ ಇರಬೇಕಲ್ಲ!

ಆಳುವವರಿಗೆ ಕುಣಿತದ ಭಯ ಮಾತ್ರ ಹೋಗಲಿಲ್ಲ. 1841ರಲ್ಲಿ ಕಿಂಗ್‌ಸ್ಟನ್ನಿನ ಮೇಯರು ಜಾನ್‌ಕನೂ ಮೆರವಣಿಗೆಗೆ ತಡೆ ಹಾಕಿದಾಗ ಬೀದಿಯಲ್ಲಿ ಗಲಭೆಯೇ ಆಯಿತು. ಪಾದ್ರಿಗಳೂ ಇದು ಅನಾಗರಿಕ ಅಂತ ಮೂಗು ಮುರಿದರು. ಕುಣಿತ ಪೇಟೆ ಬಿಟ್ಟು ಹಳ್ಳಿ ಸೇರಿ ಜೀವ ಹಿಡಿದುಕೊಂಡಿತು.

ಆಡಿನ ಕರಿಯ ಕಥೆ ಉಳಿಯಿತು. ಗುಲಾಮರು ಗದ್ದೆ ಬಿಟ್ಟ ಮೇಲೆ ದಣಿಗಳು ಕೂಲಿ ಹುಡುಕಿಕೊಂಡು ಬಂದದ್ದು ನಮ್ಮ ದೇಶಕ್ಕೆ. 1845ರ ಮೇ 10ರಂದು 'ಬ್ಲಂಡೆಲ್' ಎಂಬ ಹಡಗು ಮೊದಲ ಭಾರತೀಯ ಕೂಲಿಗಳನ್ನು ಓಲ್ಡ್ ಹಾರ್ಬರ್ ಬೇಯಲ್ಲಿ ಇಳಿಸಿತು. ಮುಂದಿನ ಎಪ್ಪತ್ತು ವರ್ಷಗಳಲ್ಲಿ 36 ಸಾವಿರಕ್ಕೂ ಹೆಚ್ಚು ಜನ. ಹೆಚ್ಚಿನವರು ಕಲ್ಕತ್ತೆಯಿಂದ, ಕೆಲವರು ಮದರಾಸಿನಿಂದ ಹಡಗು ಹತ್ತಿದವರು. ಹಲವು ಜಾತಿಯವರಿದ್ದರು, ಚಮ್ಮಾರರೂ ಇದ್ದರು. ಕರಾರಿನ ಹೆಸರಿನ ಹೊಸ ಜೀತ. ಇವತ್ತು ಜಮೈಕಾದ ಕರಿಯರ ಹಬ್ಬದ ತಾಟಿನಲ್ಲಿರುವ ಕರಿ ಆ ಕೂಲಿಗಳ ಒಲೆಯದು. ದಣಿಗಳು ಒಬ್ಬರ ಕೂಲಿ ಇಳಿಸಲು ಇನ್ನೊಬ್ಬರನ್ನು ತಂದರು. ಅಡುಗೆಮನೆಯಲ್ಲಿ ಆ ಇಬ್ಬರೂ ಕೂಡಿಕೊಂಡರು.

ಕುಟುಂಬ ಚದುರುವುದು ಇನ್ನೂ ನಿಂತಿಲ್ಲ. 1948ರಲ್ಲಿ 'ಎಂಪೈರ್ ವಿಂಡ್‌ರಶ್' ಹಡಗು ಜಮೈಕಾದವರನ್ನು ಲಂಡನ್ನಿಗೆ ಒಯ್ದಿತು. ಅಲ್ಲಿಂದೀಚೆಗೆ ಬ್ರಿಟನ್ನು, ಅಮೆರಿಕ, ಕೆನಡಾಗಳಿಗೆ ಗುಳೆ ಹೋದವರು ಲಕ್ಷಗಟ್ಟಲೆ. ಮಕ್ಕಳು ಅಜ್ಜಿಯ ಹತ್ತಿರ. ಕ್ರಿಸ್‌ಮಸ್ಸಿಗೆ ಅವ್ವ ಬರೋದಿಲ್ಲ, ಅವ್ವ ಕಳಿಸಿದ ಪೀಪಾಯಿ ಬರುತ್ತದೆ. ಅದರಲ್ಲಿ ಅಕ್ಕಿ, ಸೋಪು, ಬಟ್ಟೆ, ಆಟಿಗೆ. ಅಂಥವರಿಗೆ 'ಪೀಪಾಯಿ ಮಕ್ಕಳು' ಅಂತಲೇ ಹೆಸರು ಬಿದ್ದಿದೆ. ಬೆಂಗಳೂರು, ಮುಂಬೈ, ಪುಣೆಗೆ ದುಡಿಯಲು ಹೋದವರ ದಾರಿ ಕಾಯುವ ನಮ್ಮ ಕಡೆಯ ಮಕ್ಕಳಿಗೆ ಆ ಪೀಪಾಯಿಯ ಮುಚ್ಚಳ ತೆಗೆಯುವ ಸದ್ದು ಅರ್ಥವಾದೀತು.

*

ಜಮೈಕಾ 1962ರಲ್ಲಿ ಸ್ವತಂತ್ರವಾಯಿತು. 1975ರಲ್ಲಿ ಸ್ಯಾಮ್ ಶಾರ್ಪನನ್ನು ರಾಷ್ಟ್ರವೀರನೆಂದು ಸಾರಿತು. ಅವನನ್ನು ಗಲ್ಲಿಗೇರಿಸಿದ ಊರಿನ ಚೌಕಕ್ಕೆ ಈಗ ಅವನದೇ ಹೆಸರು.

ಇಷ್ಟು ದೂರದ ಕಥೆ ನಮಗೇಕೆ ಅನ್ನುವವರು ಇದ್ದಾರೆ. ಜೋತಿಬಾ ಫುಲೆ 1873ರಲ್ಲಿ 'ಗುಲಾಮಗಿರಿ' ಬರೆದಾಗ ಅದನ್ನು ಅರ್ಪಿಸಿದ್ದು ಕರಿಯರ ಗುಲಾಮಗಿರಿ ಅಳಿಸಲು ಹೋರಾಡಿದ ಅಮೆರಿಕದ ಸಜ್ಜನರಿಗೆ. 1972ರಲ್ಲಿ ಮುಂಬೈಯ ದಲಿತ ಹುಡುಗರು ತಮ್ಮ ಸಂಘಟನೆಗೆ ಪ್ಯಾಂಥರ್ ಅಂತ ಹೆಸರಿಟ್ಟಾಗ ಕಣ್ಣಮುಂದಿದ್ದವರು ಅಮೆರಿಕದ ಕರಿಯರು. ದೂರ ಅನ್ನೋದು ನಕಾಶೆಯಲ್ಲಿ ಮಾತ್ರ.

ಡಗ್ಲಸ್ ಹೇಳಿದ್ದು ಸುಳ್ಳಲ್ಲ. ದಣಿ ಹಬ್ಬ ಕೊಡುವುದು ದಂಗೆ ತಣಿಸಲಿಕ್ಕೇ. ಆದರೆ ಕೊಟ್ಟ ಹಬ್ಬವನ್ನು ಏನು ಮಾಡಿಕೊಳ್ಳಬೇಕು ಅನ್ನೋದನ್ನು ದಣಿ ಬರೆದು ಕೊಡಲಾರ. ಅದೇ ಮೂರು ದಿನದಲ್ಲಿ ಒಬ್ಬ ಕುಡಿದು ಬಿದ್ದ, ಇನ್ನೊಬ್ಬ ಹೆಂಡತಿಯನ್ನು ಕಾಣಲು ಹತ್ತಾರು ಮೈಲಿ ನಡೆದ, ಮತ್ತೊಬ್ಬ ಪತ್ರಿಕೆ ಓದಿ ಹೇಳಿದ. ಮೂವರಿಗೂ ಸಿಕ್ಕದ್ದು ಅದೇ ಮೂರು ದಿನ.

ನಮ್ಮ ಊರುಗಳಲ್ಲೂ ಹಬ್ಬಗಳಿವೆ, ಜಾತ್ರೆಗಳಿವೆ. ಗೌಡರು ಹೋಗಿ ಈಗ ಪಕ್ಷದವರು ಬಂದಿದ್ದಾರೆ. ಹಬ್ಬಕ್ಕೆ ಸೀರೆ ಹಂಚುತ್ತಾರೆ, ಬಾಟಲಿ ಹಂಚುತ್ತಾರೆ. ಮುಂದಿನ ಹಬ್ಬದಲ್ಲಿ ಕೇರಿಯವರೆಲ್ಲ ಒಂದು ಕಡೆ ಕೂತಿರುವಾಗ ನಮ್ಮಲ್ಲಿ ಅಕ್ಷರ ಕಲಿತವರು ಯಾರಾದರೂ ಎದ್ದು ಲೆಕ್ಕದ ಪುಸ್ತಕವನ್ನು ಗಟ್ಟಿಯಾಗಿ ಓದೋಣ: ಕೊಟ್ಟ ಸೀರೆಗೆ ಎಷ್ಟು ಬರೆದುಕೊಂಡಿದ್ದಾರೆ, ಯಾರ ಹೆಸರಿಗೆ ಬರೆದುಕೊಂಡಿದ್ದಾರೆ ಅಂತ.

ಮುತ್ಯಾನಿಗೆ ಓದು ಬರುತ್ತಿರಲಿಲ್ಲ. ನಮಗೆ ಬರುತ್ತದೆ.